ಏಳು ಗಂಟೆಗೆ ಮುಚ್ಚುವ ಬಾಗಿಲು

ನ್ಯೂ ಹೆಲ್ಡರ್ ಊರಿನಲ್ಲಿ ಆರ್ಡಿಸ್ ಹೋಫ್ಲ್ಯಾಂಡಳ ಕೈಗಡಿಯಾರ ಏಳು ತೋರಿಸಿದರೆ ಏಳು. ಚರ್ಚಿನ ಗಡಿಯಾರ ಎರಡು ನಿಮಿಷ ಹಿಂದಿದ್ದರೆ ತಪ್ಪು ಚರ್ಚಿನದೇ. ಮೂವತ್ತು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮುನ್ನೂರು ಮಕ್ಕಳಿಗೆ ಬಡಿಸಿದ ಹೆಂಗಸು ಅವಳು. ಗಂಟೆ ಬಾರಿಸಿದ ಮೇಲೆ ಬಂದವನಿಗೆ ತಟ್ಟೆ ಸಿಕ್ಕಿದ್ದನ್ನು ಯಾರೂ ನೋಡಿಲ್ಲ.

ನಾಲ್ಕು ವರ್ಷಕ್ಕೊಮ್ಮೆ ಜನವರಿಯ ಹಿಮದಲ್ಲಿ ನಡೆಯುವ ಪಕ್ಷದ ಸಭೆಗೂ ಬಾಗಿಲು ಅವಳದೇ. ನಮ್ಮ ಐಯೋವ ರಾಜ್ಯದಲ್ಲಿ ಇದಕ್ಕೆ ಚೀಟಿ ಇಲ್ಲ, ಡಬ್ಬಿ ಇಲ್ಲ. ರಾಷ್ಟ್ರಾಧ್ಯಕ್ಷರ ಚುನಾವಣೆಗೆ ಪಕ್ಷದಿಂದ ನಿಲ್ಲಲು ಹೊರಟವರ ಹೆಸರುಗಳನ್ನು ಶಾಲೆಯ ಆಟದ ಹಾಲ್‌ನ ಗೋಡೆಗೆ ಅಂಟಿಸಿರುತ್ತಾರೆ. ನಿಮಗೆ ಬೇಕಾದವರ ಹೆಸರಿನ ಕೆಳಗೆ ಹೋಗಿ ನಿಲ್ಲಬೇಕು, ಅಷ್ಟೇ. ಹಲ್ಲಿನ ಡಾಕ್ಟರು, ಪಾದ್ರಿ, ನಿಮ್ಮ ಅತ್ತೆ, ಎಲ್ಲರೂ ನೋಡುತ್ತಿರುತ್ತಾರೆ. ಬಂದ ತಲೆಗಳಲ್ಲಿ ನೂರಕ್ಕೆ ಹದಿನೈದು ಸೇರದ ಗುಂಪು ಲೆಕ್ಕಕ್ಕಿಲ್ಲ. ಅಂಥವರು ಅರ್ಧ ಗಂಟೆಯೊಳಗೆ ಆಚೆಯವರನ್ನು ಎಳೆದುಕೊಳ್ಳಬೇಕು, ಇಲ್ಲವೇ ಚದುರಬೇಕು. ಉಳಿದ ಗುಂಪುಗಳು ಮಾತ್ರ ಮುಂದಿನ ಜಿಲ್ಲಾ ಸಮಾವೇಶಕ್ಕೆ ತಮ್ಮ ಪ್ರತಿನಿಧಿಯನ್ನು ಕಳಿಸಬಹುದು.

ಏಳಾಯಿತೆಂದರೆ ಆರ್ಡಿಸ್ ಹಾಲ್‌ನ ಕಬ್ಬಿಣದ ಬಾಗಿಲನ್ನು ಎಳೆದು, ಪ್ರತಿ ಸಲವೂ ಒಂದೇ ಮಾತು ಹೇಳುತ್ತಾಳೆ: "ಬೇಕಾದೋರು ಬಂದಿದ್ದಾರೆ. ಬರದೇ ಇರೋರಿಗೆ ಬೇಕಾಗಿಲ್ಲ ಬಿಡಿ." ಜನ ನಗುತ್ತಾರೆ. ಇಪ್ಪತ್ತನಾಲ್ಕು ವರ್ಷದಿಂದ ಅದೇ ಮಾತು, ಅದೇ ನಗು, ಹೆಚ್ಚುಕಡಿಮೆ ಅದೇ ಮೂವತ್ತು ಮುಖ. ಅವಳು ತರುವ ಹ್ಯಾಮ್ ಬನ್ನೂ ಲೆಕ್ಕ ಹಾಕಿ ಮೂವತ್ತಾರು.

ಈ ಮೂವತ್ತರಲ್ಲಿ ಎಂದೂ ಇಲ್ಲದಿದ್ದ ಮುಖವೆಂದರೆ ಅವಳ ಗಂಡ ಡೆಲ್ಮರನದು. ಜೋಳದ ಗೋದಾಮಿನಲ್ಲಿ ತೂಕದ ಕೆಲಸ ಅವನದು. ಓಟಿನ ಮಾತೆತ್ತಿದರೆ "ಯಾರು ಆಳಿದ್ರೂ ನಾವು ಜೋಳ ತೂಗೋದು ತಪ್ಪಲ್ಲ" ಎಂದು ಮುಗಿಸಿಬಿಡುತ್ತಿದ್ದ. ಪ್ರತಿ ಸಲ ಆರ್ಡಿಸ್ ಕೋಟು ಹಾಕಿಕೊಳ್ಳುತ್ತಾ "ಬರ್ತೀಯಾ?" ಎನ್ನುವಳು. ಅವನು ಟಿವಿಯಿಂದ ಕಣ್ಣು ತೆಗೆಯದೆ "ಹೋಗ್ಬಾ" ಎನ್ನುವನು.

ಅಂಥ ಡೆಲ್ಮರ್ ಆ ವರ್ಷ ಕೆಟ್ಟ.

ಕೆಡಿಸಿದವಳು ಮೊಂಟಾನದಿಂದ ಬಂದ ಒಬ್ಬ ದನದ ಡಾಕ್ಟರು, ಕೊರಿನ್ ಟಾಲ್ಮನ್. ಪಂಚಾಯ್ತಿಗೂ ನಿಂತು ಗೆದ್ದವಳಲ್ಲ, ಪಕ್ಷದ ದೊಡ್ಡವರು ಯಾರೂ ಅವಳನ್ನು ಮಾತಾಡಿಸುತ್ತಿರಲಿಲ್ಲ. ನೆಟ್ಟಗೆ ರಾಷ್ಟ್ರಾಧ್ಯಕ್ಷೆಯೇ ಆಗುತ್ತೇನೆಂದು ಹೊರಟಿದ್ದಳು. ಮಿಕ್ಕವರು ಪಕ್ಷದ ಹಳಬರ ಪಟ್ಟಿ ಹಿಡಿದು ಮನೆಮನೆ ಸುತ್ತಿದರೆ, ಈಕೆ ಪಟ್ಟಿಯಲ್ಲಿ ಇಲ್ಲದವರನ್ನೇ ಹುಡುಕಿಕೊಂಡು ಹೋದಳು. ಗೋದಾಮಿಗೂ ಬಂದಳು. ಅವಳು ಹೋದ ಮೇಲೆ ಡೆಲ್ಮರ್ ಮೂರು ದಿನ ಮಾತಿಲ್ಲದೆ ಓಡಾಡಿದ. ನಾಲ್ಕನೆಯ ದಿನ ಅವನ ಟೋಪಿಯ ಮೇಲೆ ಅವಳ ಹೆಸರಿನ ಬಿಲ್ಲೆ ಇತ್ತು.

"ಏನಿದು?" ಎಂದಳು ಆರ್ಡಿಸ್.

"ಬಿಲ್ಲೆ."

"ಬಿಲ್ಲೆ ಅಂತ ನಂಗೂ ಗೊತ್ತು. ನಿನ್ ತಲೆ ಮೇಲೆ ಯಾಕಿದೆ?"

"ಅಲ್ಲಿ ಜಾಗ ಇತ್ತು" ಎಂದ ಡೆಲ್ಮರ್.

ಆಮೇಲೆ ಅವನನ್ನು ಹಿಡಿಯುವವರಿಲ್ಲ. ಹೊಸದಾಗಿ ಚರ್ಚು ಸೇರಿದವನಿಗಿಂತ ಹೆಚ್ಚಿನ ಭಕ್ತಿ. ಜೋಳ ತಂದ ಪ್ರತಿಯೊಬ್ಬ ರೈತನನ್ನೂ ತಕ್ಕಡಿಯ ಮೇಲೆ ನಿಲ್ಲಿಸಿಕೊಂಡು ಭಾಷಣ ಬಿಗಿದ. ಭಾಷಣ ಮುಗಿಯುವವರೆಗೆ ತೂಕದ ಚೀಟಿ ಕೈಗೆ ಬರುತ್ತಿರಲಿಲ್ಲವಾದ್ದರಿಂದ ಎಲ್ಲರೂ ಕೇಳಿದರು. ಆರ್ಡಿಸ್ ಹೊರಗೆ ನಕ್ಕಳು, ಒಳಗೆ ಉರಿದಳು. ಅವಳದು ಅದೇ ಕಣದಲ್ಲಿದ್ದ ಹಳೆಯ ಸೆನೆಟರ್ ಪೀಬಾಡಿಯ ಗುಂಪು. ಸೆನೆಟರಿಗೆ ಊರಿನ ಹೆಸರು ನೆನಪಿರದಿದ್ದರೂ ಅವಳ ನಿಂಬೆಹಣ್ಣಿನ ಬರ್ಫಿ ನೆನಪಿತ್ತು. ಹಿಂದಿನ ಆರು ಸಭೆಗಳಲ್ಲೂ ತಾನು ನಿಂತ ಗುಂಪಿನಿಂದ ಜಿಲ್ಲಾ ಸಮಾವೇಶಕ್ಕೆ ಪ್ರತಿನಿಧಿಯಾಗಿ ಹೋದವಳು ಅವಳೇ. ಅದಕ್ಕೆಂದೇ ಒಂದು ನೀಲಿ ಕೋಟು ಇಟ್ಟಿದ್ದಳು.

ಆ ಸಂಜೆ ಆರೂವರೆಗೇ ಶಾಲೆಯ ಮುಂದೆ ಗಾಡಿ ನಿಲ್ಲಿಸಲು ಜಾಗವಿಲ್ಲ. ಹಾಲು ಕರೆಯುವವರು, ಲಾರಿಯವರು, ಕ್ಷೌರದಂಗಡಿಯ ಅಣ್ಣತಮ್ಮಂದಿರು, ತಮ್ಮ ಜನ್ಮದಲ್ಲಿ ಸಭೆ ನೋಡದವರೆಲ್ಲ ಬೂಟಿನ ಹಿಮ ಕೊಡವುತ್ತಾ ಒಳಗೆ ಬಂದರು. ಒಬ್ಬನಂತೂ "ಟಿಕೆಟ್ ಎಲ್ಲಿ ತಗೋಬೇಕು?" ಎಂದು ಕೇಳಿದ. ಆರ್ಡಿಸ್ ಬನ್ನುಗಳನ್ನು ಮೊದಲು ಅರ್ಧ ಮಾಡಿದಳು, ಆಮೇಲೆ ಕಾಲು ಮಾಡಿದಳು. ಏಳಕ್ಕೆ ಬಾಗಿಲು ಎಳೆದು ತನ್ನ ಮಾತು ಹೇಳಿದಳು. ಜನ ನಕ್ಕರು. ಡೆಲ್ಮರ್ ಮಾತ್ರ ಟೋಪಿ ತೆಗೆದು ಅದರ ಒಳಗೆ ಏನೋ ಹುಡುಕುವವನಂತೆ ನಿಂತಿದ್ದ.

ತಲೆ ಎಣಿಸಿದರೆ ತೊಂಬತ್ತೇಳು; ಮಿಕ್ಕ ಗುಂಪಿನವರೂ ಈ ಸಲ ಹೊಸಬರನ್ನು ಎಳೆದು ತಂದಿದ್ದರು. ಗುಂಪು ಉಳಿಯಬೇಕಾದರೆ ಹದಿನೈದು ಜನ ಬೇಕು. ಪೀಬಾಡಿಯ ಹೆಸರಿನ ಕೆಳಗೆ ನಿಂತವರು ಹದಿನಾಲ್ಕು.

ಆರ್ಡಿಸ್ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಡೆಲ್ಮರ್ ಕರೆತಂದವರು ಅವನೂ ಸೇರಿ ಇಪ್ಪತ್ತಾರು. ಅವರು ಮನೆಯಲ್ಲೇ ಬಿದ್ದುಕೊಂಡಿದ್ದರೆ ಹನ್ನೊಂದು ಸಾಕಿತ್ತು. ಕಟ್ಟಿಕೊಂಡ ಗಂಡನೇ ತಲೆಯ ಮೇಲೆ ತಲೆ ತಂದು ಸುರಿದು ಅವಳ ಗುಂಪನ್ನು ಮುಳುಗಿಸಿದ್ದ. ಅವಳು ಪಾದ್ರಿಯನ್ನು ಕರೆದಳು, ಅವರು ಮೇಲ್ಛಾವಣಿ ನೋಡಿದರು. ಹಲ್ಲಿನ ಡಾಕ್ಟರನ್ನು ಕರೆದಳು, ಅವನಿಗೆ ಕೆಮ್ಮು ಬಂತು. ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಉಳಿಯಿತು.

ಆಗ ಡೆಲ್ಮರ್ ತನ್ನ ಮೂಲೆಯಿಂದ ಹೊರಟ. ಹಾಲ್‌ನ ನಟ್ಟನಡುವೆ, ತೊಂಬತ್ತಾರು ಜೊತೆ ಕಣ್ಣಿನ ಮುಂದೆ, ಗೋದಾಮಿನ ಬೂಟಿನಲ್ಲಿ ಕಿರ್ರಕಿರ್ರ ನಡೆದು ಬಂದ. ಹಿಂದಿನಿಂದ ಲಾರಿಯವನೊಬ್ಬ ಕೂಗಿದ: "ಡೆಲ್ಮರ್, ಮನೇಲಿ ಊಟ ಸಿಗಲ್ಲ ಅಂತ ಓಡ್ತಿದ್ದೀಯೇನೋ?" ಹಾಲ್ ತುಂಬ ನಗು.

"ಯಾಕೆ ಬಂದೆ?" ಎಂದಳು ಆರ್ಡಿಸ್, ತುಟಿ ಅಲ್ಲಾಡಿಸದೆ.

"ಒಂದು ತಲೆ ಕಡಿಮೆ ಇದೆಯಂತಲ್ಲ."

"ನಿನ್ನ ದಾನ ಬೇಕಾಗಿಲ್ಲ." ತಡೆದಿಟ್ಟಿದ್ದು ಅಲ್ಲಿಗೆ ಕಟ್ಟೆಯೊಡೆಯಿತು. "ಇಪ್ಪತ್ತನಾಲ್ಕು ವರ್ಷ ಕರೆದೆ ಡೆಲ್ಮರ್. ಒಂದ್ ಸಲ ಬಂದ್ಯಾ? ಒಂಟಿಯಾಗಿ ಬರ್ತಿದ್ದೆ, ಒಂಟಿಯಾಗಿ ಹೋಗ್ತಿದ್ದೆ. ಅವಳ್ಯಾರೋ ಬಂದು ಒಂದ್ ಮಾತು ಕರೆದಿದ್ದಕ್ಕೆ ಊರನ್ನೇ ಕಟ್ಕೊಂಡು ಬಂದುಬಿಟ್ಟೆ. ನನ್ನ ಮಾತಿಗೆ ಬೆಲೆಯೇ ಇರ್ಲಿಲ್ಲ."

ಡೆಲ್ಮರ್ ಟೋಪಿಯನ್ನು ಒಂದು ಸುತ್ತು ತಿರುಗಿಸಿದ.

"ಅವಳು ಬಾ ಅಂತ ಕರೀಲಿಲ್ಲ. ಯಾಕೆ ಹೋಗಲ್ಲ ಅಂತ ಕೇಳಿದ್ಲು. ಕೇಳಿ ಸುಮ್ನೆ ಕೂತ್ಕೊಂಡ್ಲು."

"ಏನಂದೆ?"

"ಬಂದಿದ್ದೆ ಅಂದೆ."

"ಎಲ್ಲಿಗೆ?"

"ಇಲ್ಲಿಗೇ. ನೀನು ಮೊದಲನೇ ಸಲ ಬಾಗಿಲು ನೋಡ್ಕೊಂಡ ವರ್ಷ. ನಿಂಗೆ ಹೇಳ್ದೆ ಬರೋಣ, ನೀನು ಖುಷಿಯಾಗ್ತೀಯ ಅಂತ. ಗಾಡಿ ಹಿಮದಲ್ಲಿ ಹೂತ್ಕೊಳ್ತು, ಒಂದು ಮೈಲಿ ನಡೆದೆ. ಏಳು ಗಂಟೆ ಎರಡು ನಿಮಿಷ." ಅವನು ತಲೆಯಿಂದ ಬಾಗಿಲ ಕಡೆ ತೋರಿಸಿದ. "ಅದರಾಚೆ ನಿಂತಿದ್ದೆ. ತಟ್ಟಬೇಕು ಅಂತ ಕೈ ಎತ್ತಿದೆ. ಒಳಗಡೆಯಿಂದ ನಿನ್ನ ಮಾತು ಕೇಳಿಸ್ತು. ಬರದೇ ಇರೋರಿಗೆ ಬೇಕಾಗಿಲ್ಲ ಅಂದೆ. ಎಲ್ರೂ ನಕ್ಕರು."

ಆ ರಾತ್ರಿ ಮನೆಗೆ ಹೋದಾಗ ಅವನ ಸಾಕ್ಸು ಒಲೆಯ ಮುಂದೆ ಒಣಗುತ್ತಿದ್ದುದು ಆರ್ಡಿಸಳಿಗೆ ಈಗ ನೆನಪಾಯಿತು. ಹಿಮ ಗುಡಿಸಿದೆ ಅಂದಿದ್ದ. ಅಂಗಳದ ಹಿಮ ಹಾಗೇ ಇತ್ತು. ಸೋಮಾರಿ ಎಂದು ಬೈದಿದ್ದಳು.

"ನಂಗೆ ಯಾಕೆ ಹೇಳ್ಲಿಲ್ಲ?"

"ನೀನು ಬರ್ತೀಯಾ ಅಂತ ಕೇಳ್ತಿದ್ದೆ. ಯಾಕೆ ಬರಲ್ಲ ಅಂತ ಕೇಳ್ಲೇ ಇಲ್ವಲ್ಲ." ಸಿಟ್ಟಿನಿಂದ ಹೇಳಲಿಲ್ಲ, ಜೋಳದ ತೂಕ ಹೇಳಿದ ಹಾಗೆ ಹೇಳಿದ. "ಈಗ ನಿಲ್ಲಲಾ, ಹೋಗಲಾ?"

ಎಣಿಸುವವನು ಎರಡು ನಿಮಿಷ ಎಂದು ಕೂಗಿದ. ನೀಲಿ ಕೋಟು ಮನೆಯ ಬಾಗಿಲ ಹಿಂದೆ ಇಸ್ತ್ರಿಯಾಗಿ ಕಾಯುತ್ತಿತ್ತು. ಆರ್ಡಿಸ್ ಡೆಲ್ಮರನ ಕೈಯಿಂದ ಟೋಪಿ ಕಿತ್ತುಕೊಂಡು, ಬಿಲ್ಲೆ ಮುಂದೆ ಬರುವಂತೆ ಅವನ ತಲೆಗೆ ಒತ್ತಿದಳು.

"ಹೋಗು ನಿನ್ನ ಮೂಲೆಗೆ. ಪೀಬಾಡಿಯ ಪೂರ್ತಿ ಹೆಸರೂ ಗೊತ್ತಿಲ್ಲ ನಿಂಗೆ. ಇಷ್ಟು ವರ್ಷಕ್ಕೆ ಮೊದಲನೇ ಸಲ ನಿಲ್ತಿದ್ದೀಯ, ನನ್ನ ಮುಖ ನೋಡಿ ನಿಲ್ಬೇಡ."

ಅವನು ಹೋದ. ಹದಿನಾಲ್ಕು ಹದಿನಾಲ್ಕಾಗಿಯೇ ಉಳಿದು ಚದುರಿತು. ಆರ್ಡಿಸ್ ಯಾರ ಗುಂಪಿಗೂ ಸೇರದೆ ಕಾಫಿಯ ಹಂಡೆಯ ಪಕ್ಕದ ಬೆಂಚಿನಲ್ಲಿ ಕೂತಳು. ಹಸಿದವರಿಗೆ ಬನ್ನಿನ ಕಾಲು ತುಂಡುಗಳನ್ನು ಹಂಚಿದಳು. ಅಳು ಬಂದಿತ್ತು, ಆದರೆ ಅಷ್ಟು ಜನರ ಮುಂದೆ ಅಳುವ ಪೈಕಿ ಅಲ್ಲ ಅವಳು. ಆ ವರ್ಷ ಜಿಲ್ಲಾ ಸಮಾವೇಶಕ್ಕೆ ಹೋದವನು ಡೆಲ್ಮರ್. ಅವನಿಗೆ ಟೈ ಕಟ್ಟಲು ಬಾರದು, ಅವಳೇ ಕಟ್ಟಿ ಕಳಿಸಿದಳು.

ದನದ ಡಾಕ್ಟರು ಒಂದು ತಿಂಗಳೊಳಗೆ ಕಣದಿಂದ ಹಿಂದೆ ಸರಿದು ತನ್ನ ಹಸುಗಳ ಬಳಿಗೆ ಹೋದಳು. ಡೆಲ್ಮರ್ ಎರಡು ವಾರ ಟಿವಿ ಹಾಕಲಿಲ್ಲ. ನಾಲ್ಕು ವರ್ಷದ ಮೇಲೆ ಮತ್ತೆ ಸಭೆ ಬಂದಾಗ ಅವನ ಇಪ್ಪತ್ತಾರರಲ್ಲಿ ಬಂದವರು ಒಂಬತ್ತು ಜನ. ಬಿಲ್ಲೆ ಇಲ್ಲ, ಟೋಪಿ ಅದೇ.

ಬಾಗಿಲು ಮಾತ್ರ ಈಗಲೂ ಏಳಕ್ಕೇ ಮುಚ್ಚುತ್ತದೆ. ಆದರೆ ಆರೂ ಐವತ್ತಕ್ಕೆ ಆರ್ಡಿಸ್ ಟಾರ್ಚು ಹಿಡಿದು ಹೊರಗೆ ಹೋಗುತ್ತಾಳೆ. ರಸ್ತೆಯ ಆ ತುದಿ, ಈ ತುದಿ ಬೆಳಕು ಬಿಟ್ಟು ನೋಡುತ್ತಾಳೆ. ಮೂಗು ಕೆಂಪಾಗುವವರೆಗೆ ನಿಲ್ಲುತ್ತಾಳೆ.

"ಯಾರೂ ಇಲ್ಲ ಬಾರೇ, ಚಳಿ" ಎನ್ನುತ್ತಾನೆ ಡೆಲ್ಮರ್ ಬಾಗಿಲು ಹಿಡಿದುಕೊಂಡು.

"ಇನ್ನೂ ಎರಡು ನಿಮಿಷ ಇದೆ" ಎನ್ನುತ್ತಾಳೆ ಅವಳು.