ಅಳಿಯನ ಕೈಗೆ ಸುತ್ತಿಗೆ

ನಮ್ಮವರ ಮೇಲೆ ನನಗೆ ಹೊಟ್ಟೆಕಿಚ್ಚು ಬಂದದ್ದು ಇನ್ನೊಬ್ಬ ಹೆಂಗಸಿನ ದೆಸೆಯಿಂದಲ್ಲ, ನನ್ನ ಅಪ್ಪನ ದೆಸೆಯಿಂದ. ಹೇಳಿದರೆ ಜನ ನಗುತ್ತಾರೆ. ನಗಲಿ.

ಅಪ್ಪ ಕಡಕೊಳದ ಒಂದು ಕಾರ್ಖಾನೆಯಲ್ಲಿ ಮೆಷಿನ್ನುಗಳ ರಿಪೇರಿ ಮಾಡಿಕೊಂಡೇ ನಿವೃತ್ತನಾದವನು. ಹಿನಕಲ್ಲಿನ ಮನೆಯ ಮುಂದೆ ನಿಂತಿರುವ ಅವನ ಹಳೆಯ ವ್ಯಾನಿಗೆ ಬೇರೆ ಯಾವ ಮೆಕ್ಯಾನಿಕ್ಕಿನ ಕೈಯೂ ಸೋಕಿಲ್ಲ. ಚಿಕ್ಕಂದಿನಲ್ಲಿ ನಾನು ಪಾನಾ ಹಿಡಿದುಕೊಂಡು ಅವನ ಹಿಂದೆ ಸುತ್ತಿದರೆ ಅದನ್ನು ಕಿತ್ತಿಟ್ಟುಕೊಂಡು, "ನಿಂಗ್ಯಾಕಮ್ಮ ಈ ಗಲೀಜು? ಹೋಗು, ಓದ್ಕೋ" ಅನ್ನುತ್ತಿದ್ದ. ಓದಿದೆ, ಟೀಚರಾದೆ. ಕೈಯ ತುರಿಕೆ ಮಾತ್ರ ಹೋಗಲಿಲ್ಲ.

ಅಮ್ಮ ತೀರಿಕೊಂಡ ಮೇಲೆ ಭಾನುವಾರಗಳಲ್ಲಿ ನಾವಿಬ್ಬರೂ ಬೋಗಾದಿಯಿಂದ ಅಪ್ಪನ ಮನೆಗೆ ಹೋಗುತ್ತೇವೆ. ಸಂಜೆ ವ್ಯಾನಿನಲ್ಲಿ ಒಂದು ಸುತ್ತು. ಓಡಿಸುವುದು ಅಳಿಯ, ಪಕ್ಕದಲ್ಲಿ ಮಾವ, ಹಿಂದಿನ ಸೀಟಿನಲ್ಲಿ ತರಕಾರಿ ಚೀಲದ ಜೊತೆ ನಾನು. ಹಾಗೆ ಕೂತಿದ್ದರಿಂದಲೇ ಬಲಗಡೆಯ ಹಿಂದಿನ ಚಕ್ರ ಗುಂಯ್ ಅನ್ನುವುದು ಮೊದಲು ನನಗೆ ಕೇಳಿಸಿದ್ದು. ಹೇಳಿದೆ. ಮುಂದೆ ಕೂತವರಿಬ್ಬರೂ ಮಾತು ನಿಲ್ಲಿಸಲಿಲ್ಲ. ವಾರ ಕಳೆದು ಅದೇ ಸದ್ದು ಜೋರಾದಾಗ ನಮ್ಮವರು, "ಮಾವ, ಹಿಂದ್ಗಡೆ ಏನೋ ಸೌಂಡ್ ಬರ್ತಿದೆಯಲ್ಲ?" ಅಂದರು. ಅಪ್ಪನ ಮುಖ ಅರಳಿಹೋಯಿತು. "ಶಬಾಷ್! ಎಂಥಾ ಕಿವಿ ಅಳಿಯಂದ್ರೆ ನಿಮ್ದು! ಬೇರಿಂಗ್ ಹೋಗ್ಬುಟ್ಟದೆ ಕಣ್ರಿ."

ಬೇರಿಂಗನ್ನೂ, ಅದರ ಒಳಗಡೆ ಗೇರ್ ಆಯಿಲ್ಲನ್ನು ತಡೆದಿಡುವ ರಬ್ಬರ್ ಸೀಲನ್ನೂ ಮನೆಯಲ್ಲೇ ಬದಲಿಸುವುದೆಂದು ಆಯಿತು. ಆದರೆ ಅಪ್ಪನ ಬಲಭುಜ ಹಿಡಿದುಕೊಂಡು ಆಗಲೇ ಬಹಳ ದಿನವಾಗಿತ್ತು. ಕೈ ಎದೆಯಿಂದ ಮೇಲಕ್ಕೆ ಏಳುತ್ತಿರಲಿಲ್ಲ. ಇನ್ನೊಬ್ಬರ ಕೈ ಬೇಕೇ ಬೇಕು. ಈ ವ್ಯಾನಿನಲ್ಲಿ ಇಷ್ಟು ದೊಡ್ಡ ಕೆಲಸ ಮತ್ತೆ ಬರುತ್ತದೋ ಇಲ್ಲವೋ, ಬಂದರೂ ಹೇಳಿಕೊಡಲು ಅಪ್ಪನಿಗೆ ತ್ರಾಣ ಇರುತ್ತದೋ ಇಲ್ಲವೋ. ಈ ಸಲವಾದರೂ ಕರೆಯುತ್ತಾನೆ ಅಂದುಕೊಂಡು ಹಳೆಯ ಚೂಡಿದಾರ ಹಾಕಿಕೊಂಡೇ ಹೋಗಿದ್ದೆ.

ಕರೆದದ್ದು ಅಳಿಯನನ್ನು. ಗೋಡೆಗೆ ಕ್ಯಾಲೆಂಡರ್ ನೇತುಹಾಕಲು ಒಂದು ಮೊಳೆ ಬೇಕಾದರೂ ಬೀದಿಯವರನ್ನೆಲ್ಲ ವಿಚಾರಿಸುವ ಮನುಷ್ಯ ಇವರು! ನನಗೆ ಅವರೆಕಾಯಿ ಬಿಡಿಸುವ ಕೆಲಸ ಬಂತು.

ಬಾಗಿಲ ಮೆಟ್ಟಿಲ ಮೇಲೆ ಮೊರ ಇಟ್ಟುಕೊಂಡು ಕೂತು ಎಲ್ಲವನ್ನೂ ನೋಡಿದೆ. ಜಾಕಿ ಕೊಟ್ಟು, ಕೆಳಗೆ ಮರದ ದಿಮ್ಮಿ ಇಟ್ಟು, ಚಕ್ರ ತೆಗೆದರು. ಆಮೇಲೆ ಬ್ರೇಕಿನ ಡ್ರಮ್ಮು, ಅದರ ಹಿಂದಿನ ನಟ್ಟುಗಳು. ಆಮೇಲೆ ಡ್ರಮ್ಮನ್ನೇ ಉಲ್ಟಾ ಸಿಕ್ಕಿಸಿ ಹೊರಕ್ಕೆ ಜಗ್ಗಿ ಜಗ್ಗಿ ಆ್ಯಕ್ಸಲ್ಲನ್ನು ಎಳೆದರು. ಸ್ಟೂಲಿನ ಮೇಲೆ ಕೂತ ಅಪ್ಪನ ಬಾಯಲ್ಲಿ ಜೇನು ಸುರಿಯುತ್ತಿತ್ತು. "ಆಂ, ಅಂಗೇ. ಭೇಷ್! ನಿಮ್ ಕೈಗೆ ಈ ಕೆಲ್ಸ ಒಗ್ಗ್ಬುಟ್ಟದೆ ಬುಡಿ." ನನ್ನ ಜನ್ಮದಲ್ಲಿ ಆ ಬಾಯಿಂದ ಒಂದು ಭೇಷ್ ನಾನು ಕೇಳಿಲ್ಲ. ಅವರೆಕಾಳಿನ ಜೊತೆ ಸಿಪ್ಪೆಯೂ ಪಾತ್ರೆಗೆ ಬೀಳುತ್ತಿತ್ತು. ಬೀಳಲಿ ಎಂದು ಬಿಟ್ಟೆ.

ಬೇರಿಂಗನ್ನು ಪ್ರೆಸ್ಸಿನಲ್ಲಿ ಒತ್ತಿ ಕೂರಿಸಬೇಕಾದ್ದರಿಂದ ಆ್ಯಕ್ಸಲ್ಲನ್ನು ಗೋಣಿಯಲ್ಲಿ ಸುತ್ತಿಕೊಂಡು ಇಬ್ಬರೂ ಸ್ಕೂಟರಿನಲ್ಲಿ ಲೇತ್ ಅಂಗಡಿಗೆ ಹೋದರು. ಹೊಸ ಬೇರಿಂಗ್ ಹಾಕಿಸಿಕೊಂಡು ನಗುನಗುತ್ತಾ ಬಂದರು. ದಾರಿಯಲ್ಲಿ ವಡೆ ತಿಂದು ಕಾಫಿಯನ್ನೂ ಕುಡಿದಾಗಿತ್ತು. ನಾನು ಮಾಡಿಟ್ಟ ಉಪ್ಪಿಟ್ಟು ಆರಿಹೋಗಿತ್ತು.

ಉಳಿದದ್ದು ಸೀಲು. ಬಳೆಯಷ್ಟಗಲದ ಆ ವಸ್ತುವನ್ನು ಆ್ಯಕ್ಸಲ್ ಹೊರಬಂದ ಕೊಳವೆಯ ಬಾಯಿಗೆ ಸುತ್ತಲೂ ಮೆಲ್ಲಗೆ ತಟ್ಟುತ್ತಾ ಸಮನಾಗಿ ಕೂರಿಸಬೇಕು. ನಮ್ಮವರು ಸುತ್ತಿಗೆಯಿಂದ ಒಂದೇ ಕಡೆ ಎರಡು ಬಿಟ್ಟರು. ಸೀಲು ಓರೆಯಾಗಿ ಒಳಗೆ ಹೋದದ್ದು ಮೆಟ್ಟಿಲಿನಿಂದಲೇ ನನಗೆ ಕಾಣಿಸಿತು. ಅಪ್ಪನಿಗೂ ಕಾಣಿಸಿತು. ತುಟಿ ಬಿಗಿಹಿಡಿದು ಆಕಾಶ ನೋಡಿದ.

"ಅಪ್ಪಾ, ಸೊಟ್ಟ ಹೋಯ್ತು" ಅಂದೆ.

"ಒಳಗೋಗು ಕಣಮ್ಮ, ಒಲೆ ಮೇಲೆ ಏನೋ ಸೀದೋಯ್ತಾ ಅದೆ" ಅಂದ. ಒಲೆಯ ಮೇಲೆ ಏನೂ ಇರಲಿಲ್ಲ. "ಚೆನ್ನಾಗ್ ಕೂತ್ಕತು ಬುಡಿ ಅಳಿಯಂದ್ರೆ" ಎಂದು ಆ್ಯಕ್ಸಲ್ ಮುಚ್ಚಿಸಿಯೇಬಿಟ್ಟ.

ಗುಂಯ್ ಅನ್ನುವ ಸದ್ದೇನೋ ನಿಂತಿತು. ಅಪ್ಪ ಕಾಂಪೌಂಡಿನ ಆಚೆಯವರಿಗೆಲ್ಲ ಅಳಿಯನ ಗುಣಗಾನ ಮಾಡಿದ. ಆ ವಾರವೆಲ್ಲ ನಾನು ನಮ್ಮವರೊಂದಿಗೆ ನೆಟ್ಟಗೆ ಮಾತಾಡಲಿಲ್ಲ. ಯಾಕೆ ಎಂದು ಕೇಳಿದರೆ ತಲೆನೋವು ಅಂದೆ. ನಿಜ ಹೇಳಬೇಕೆಂದರೆ, ಕ್ಯಾಂಟೀನಿನಲ್ಲಿ ವಡೆ ಕಂಡರೂ ನನಗೆ ಮೈ ಉರಿಯುತ್ತಿತ್ತು.

ಮುಂದಿನ ಭಾನುವಾರ ಬಲಗಡೆಯ ಚಕ್ರದ ಒಳಮೈಯೆಲ್ಲ ಎಣ್ಣೆ. ಬ್ರೇಕು ಒತ್ತಿದರೆ ವ್ಯಾನು ಒಂದು ಕಡೆಗೆ ಎಳೆಯುತ್ತಿತ್ತು. ಅಪ್ಪ ಬೆರಳು ಹಚ್ಚಿ ಮೂಸಿ ನೋಡಿ, "ಸೀಲೇ ಡೂಪ್ಲಿಕೇಟು ಕಣ್ರಿ, ನಿಮ್ದೇನೂ ತಪ್ಪಿಲ್ಲ" ಅಂದ. ಬೇರೆ ಸೀಲು ತರಲು ನಮ್ಮವರನ್ನು ಕಳಿಸಿದ.

ಅವರು ಹೋಗುವುದನ್ನೇ ಕಾಯುತ್ತಿದ್ದೆ. "ಸೊಟ್ಟ ಹೋಗಿದ್ದು ನೀನೂ ನೋಡ್ದೆ. ಯಾಕ್ ಬಾಯ್ ಬಿಡ್ಲಿಲ್ಲ?"

ಅಪ್ಪ ರಸ್ತೆಯ ಕಡೆ ಒಮ್ಮೆ ನೋಡಿ ತಗ್ಗಿದ ದನಿಯಲ್ಲಿ ಹೇಳಿದ. "ಅಳಿಯಂದ್ರಿಗೆ ತಪ್ಪು ಅಂತ ಎಂಗಮ್ಮ ಹೇಳೋದು? ಮನೆ ಅಳಿಯ ಅವ್ರು. ಒಂದ್ ಮಾತು ಹೆಚ್ಚುಕಮ್ಮಿ ಆದ್ರೆ?"

"ಹಂಗಾದ್ರೆ ಈ ಸಲ ನಂಗ್ ಹೇಳು. ನಾನ್ ಹೊಡೀತೀನಿ."

ಅಪ್ಪ ಮತ್ತೊಮ್ಮೆ ರಸ್ತೆಯ ಕಡೆ ನೋಡಿದ. ಆಮೇಲೆ ಎಡಗೈಯಿಂದ ಸುತ್ತಿಗೆ ಎತ್ತಿ ನನ್ನ ಕಡೆ ಚಾಚಿದ.

ಸೀಲು ಬರುವಷ್ಟರಲ್ಲಿ ಚಕ್ರ ಬಿಚ್ಚಿ, ಆ್ಯಕ್ಸಲ್ ಎಳೆದು, ಸೊಟ್ಟ ಸೀಲನ್ನು ಕಿತ್ತು, ಎಣ್ಣೆ ಕುಡಿದಿದ್ದ ಬ್ರೇಕನ್ನೆಲ್ಲ ಒರೆಸಿದ್ದೆ. ನಮ್ಮವರು ವಾಪಸ್ಸು ಬಂದು ನನ್ನನ್ನು ನೋಡಿದವರೇ ಟಾರ್ಚು ಹಿಡಿದು ನಿಂತರು. ಹೊಸ ಸೀಲನ್ನು ಕೊಳವೆಯ ಅಂಚಿಗಿಟ್ಟು ಮೊದಲ ಪೆಟ್ಟು ಹಾಕಿದೆ.

"ಕಣ್ ಎಲ್ಲಿಟ್ಟಿದ್ದೀಯೇ, ಕತ್ತೆ! ಸುತ್ತ ಹೊಡಿ ಅಂದ್ರೆ ಒಂದೇ ಕಡೆಗೆ ಕುಟ್ತೀಯಲ್ಲ, ರಾಗಿ ಕುಟ್ತಾ ಇದ್ದೀಯಾ? ಎತ್ತು ಅದ್ನ! ಮೊದ್ಲಿಂದ ಮಾಡು!"

ಬೀದಿಗೆಲ್ಲ ಕೇಳುವಂತೆ ಬೈದ. ಮತ್ತೆ ಇಟ್ಟೆ. ಹಿಡಿಯನ್ನು ಹಿಡಿದ ರೀತಿಗೆ ಬೈದ, ಕೂತ ಭಂಗಿಗೆ ಬೈದ, ಟೀಚರ್ ಕೆಲಸ ಕೊಟ್ಟವರನ್ನೂ ಸೇರಿಸಿ ಬೈದ. ನನಗೆ ನಗು ತಡೆಯಲಾಗಲಿಲ್ಲ. ಸುತ್ತಿ ಸುತ್ತಿ ತಟ್ಟಿದೆ. ಸೀಲು ಅಂಚಿನ ಸಮಕ್ಕೆ ಬಂದು ಕೂತಿತು. ಅಪ್ಪ ಬೆರಳಾಡಿಸಿ ನೋಡಿ, "ಮ್" ಅಂದ. ಭೇಷ್ ಅನ್ನಲಿಲ್ಲ.

ಸಂಜೆಯ ಸುತ್ತು ಮುಗಿಸಿ ಬೋಗಾದಿಗೆ ಹೊರಟಾಗ ನಮ್ಮವರು ಸ್ಕೂಟರ್ ಓಡಿಸುತ್ತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ, ತಿರುಗದೆಯೇ ಕೇಳಿದರು.

"ಸೀಲು ಡೂಪ್ಲಿಕೇಟ್ ಅಲ್ಲ ಅಲ್ವೇನೇ?"

"ಅಲ್ಲ."

"ನಂಗೆ ಒಂದ್ಸಲಾನೂ ಹಂಗೆ ಬೈಲಿಲ್ಲ ಕಣೇ ಮಾವ."

ಆ ದನಿ ನನಗೆ ಹೊಸದಲ್ಲ. ವಾರವೆಲ್ಲ ಅದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದೆ. ಒಂದು ಸಮಾಧಾನದ ಮಾತು ಹೇಳಬಹುದಿತ್ತು. ಹೇಳಲಿಲ್ಲ.