ಕೋವಿಯ ಪಾಲು

ಬೇಸಗೆಯಲ್ಲಿ ಬೆಳೆದ ಸೌತೆಕಾಯಿಗಳನ್ನು ಬಾಳೆನಾರಿನಲ್ಲಿ ಬಿಗಿದು ಮಾಡಿನ ಅಡ್ಡೆಗೆ ಸಾಲಾಗಿ ನೇತುಹಾಕುವ ನಮ್ಮ ಸೀಮೆಯ ಕ್ರಮವನ್ನು ನೀವೂ ನೋಡಿರಬಹುದು. ಹೊಳೆ ತುಂಬಿ ಸಂತೆಗೆ ಹೋಗಲಾಗದ ದಿನ ಒಂದನ್ನು ಬಿಚ್ಚಿ ಇಳಿಸಿದರೆ ಅಂದಿನ ಹುಳಿಗೆ ಚಿಂತೆಯಿಲ್ಲ. ನಾನೊಬ್ಬನೇ ಇದ್ದ ಕೋಣೆಯ ಮಾಡಿನಲ್ಲಿಯೂ ಅಂಥ ಸೌತೆಗಳು ವರ್ಷವರ್ಷವೂ ತೂಗುತ್ತಿದ್ದವು. ಅವು ಹಂದಿಬೇಟೆಯಲ್ಲಿ ನನಗೆ ಸಿಕ್ಕಿದ ಪಾಲು ಎಂದರೆ ನೀವು ನಗುತ್ತೀರಿ. ನಗಬಹುದು, ನಾನೂ ಬಹಳ ಕಾಲ ನಕ್ಕವನೇ.

ಮೂಡಬಿದಿರೆಯ ಜೈನರ ಮನೆಯಲ್ಲಿ ಹುಟ್ಟಿದ ನಾನು ಅರುವತ್ತರ ದಶಕದ ಆರಂಭದ ವರ್ಷಗಳಲ್ಲಿ ಬೆಳ್ತಂಗಡಿಯಿಂದ ಎರಡು ಗಂಟೆ ನಡೆದರೆ ಸಿಗುವ ಒಂದು ಹಳ್ಳಿಯಲ್ಲಿ ಮೇಷ್ಟರಾಗಿದ್ದೆ. ಸೂರ್ಯ ಮುಳುಗುವ ಮೊದಲು ಉಣ್ಣಬೇಕು, ನೆಲದೊಳಗೆ ಬೆಳೆದದ್ದನ್ನು ಮುಟ್ಟಬಾರದು, ಮಾಂಸದ ಮಾತೇ ಇಲ್ಲ. ಇಷ್ಟೆಲ್ಲ ನೇಮವಿರುವವನನ್ನು ಯಾರು ತಾನೇ ಊಟಕ್ಕೆ ಕರೆದಾರು? ನಾಲ್ಕು ಗಂಟೆಗೆ ಮಕ್ಕಳು ಮನೆಗೆ ಓಡಿದ ಮೇಲೆ ಶಾಲೆಯೂ ನಾನೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಕುಳಿತಿರುತ್ತಿದ್ದೆವು. ಒಂಟಿತನವನ್ನು ವೈರಾಗ್ಯವೆಂದು ಕರೆದು ಸಮಾಧಾನಪಟ್ಟುಕೊಳ್ಳುವ ಜಾಣತನ ನನಗೆ ಆಗಲೇ ಬಂದಿತ್ತು. ಪಕ್ಕದ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ ದೂಮಣ್ಣ ಮಾತ್ರ ಸಂಜೆ ಬಂದು ಜಗಲಿಯಲ್ಲಿ ಕುಳಿತು, ಎಲೆಯಡಿಕೆ ಹಾಕಿಕೊಂಡು, ಹೆಚ್ಚು ಮಾತಿಲ್ಲದೆ ಎದ್ದು ಹೋಗುತ್ತಿದ್ದ. ಆ ಮಾತಿಲ್ಲದ ಅರ್ಧಗಂಟೆಗಾಗಿ ನಾನು ಇಡೀ ದಿನ ಕಾಯುತ್ತಿದ್ದೆನೆಂದು ಅವನಿಗೆ ಎಂದೂ ಹೇಳಲಿಲ್ಲ.

ಕೆಡ್ಡಸದ ದಿನಗಳಲ್ಲಿ, ಅಂದರೆ ಭೂಮಿತಾಯಿ ಮೈನೆರೆಯುತ್ತಾಳೆಂದು ನೇಗಿಲು ಕಟ್ಟಿಡುವ ಆ ಮೂರು ದಿನಗಳಲ್ಲಿ, ಊರಿನ ಗಂಡಸರು ಬೇಟೆಗೆ ಹೋಗುತ್ತಿದ್ದರು. ತಂದ ಹಂದಿಯನ್ನು ಹಂಚುವುದಕ್ಕೆ ಆ ಊರಿನದೇ ಒಂದು ಕಟ್ಟುಕಟ್ಟಳೆ. ಕಾಡು ಸೋಹಿ ಹಂದಿಯನ್ನು ಎಬ್ಬಿಸಿ ಅಟ್ಟಿದವರಿಗೆ ಸಮಪಾಲು, ನಾಯಿಗೊಂದು ಪಾಲು, ಕೋವಿಗೊಂದು ಪಾಲು. ಕೋವಿಯ ಯಜಮಾನ ಜ್ವರ ಬಂದು ಮಲಗಿದ್ದರೂ ಅವನ ಕೋವಿ ಕಾಡಿಗೆ ಹೋಗಿದ್ದರೆ ಅವನ ಹೆಸರನ್ನು ಎತ್ತರದ ದನಿಯಲ್ಲಿ ಕೂಗಿ ಪಾಲನ್ನು ಮನೆಗೆ ಮುಟ್ಟಿಸಲೇಬೇಕು. ಒಂದು ವರ್ಷ ಈ ಪಾಲಿನ ಮೇಲೆ ಕೈಕೈ ಮಿಲಾಯಿಸುವಷ್ಟು ಜಗಳವಾಗಿ, ಕೊನೆಗೆ ದೂಮಣ್ಣ ನನ್ನಲ್ಲಿಗೆ ಬಂದ.

"ಮಾಸ್ಟ್ರೆ, ಇನ್ನು ನೀವೇ ಬರೀರಿ. ನೀವು ತಿನ್ನುವವರಲ್ಲ. ನಿಮಗೆ ಇವನ ಪಾಲೂ ಒಂದೇ, ಅವನ ಪಾಲೂ ಒಂದೇ."

ಹೀಗೆ ಅಹಿಂಸೆಯ ಕುಲದವನು ಬೇಟೆಯ ಬರಹಗಾರನಾದೆ. ಸತ್ತ ಪ್ರಾಣಿಗೆ ಬೆನ್ನು ಹಾಕಿ ಕುಳಿತು, ಅವರು ಕೂಗಿದ ಹೆಸರುಗಳನ್ನು ನನ್ನ ದುಂಡು ಅಕ್ಷರದಲ್ಲಿ ಒಂದು ನೋಟ್ ಪುಸ್ತಕಕ್ಕೆ ಇಳಿಸುತ್ತಿದ್ದೆ. ಮಾಂಸದ ಬದಲು ನನ್ನ ಪಾಲಿಗೆ, ಬೇಸಗೆಯ ಬೆಳೆ ಕೊಯ್ದಾಗ, ಸೌತೆಕಾಯಿ ಬರುತ್ತಿತ್ತು. ಮನೆಯಲ್ಲಿ ತಿಳಿದರೆ ಅಮ್ಮ ಏನೆನ್ನುತ್ತಾಳೋ ಎಂಬ ಅಳುಕಿತ್ತು. ಆದರೆ ವರ್ಷಕ್ಕೊಮ್ಮೆಯಾದರೂ ಹತ್ತು ಜನರ ನಡುವೆ ಕುಳಿತುಕೊಳ್ಳುವ ಸುಖ ಅದಕ್ಕಿಂತ ದೊಡ್ಡದಾಗಿತ್ತು.

ಆ ಪುಸ್ತಕದಲ್ಲಿ ಹದಿಮೂರು ಕೋವಿಗಳಿದ್ದವು. ಎಲ್ಲವೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಕೇಪಿನ ಕೋವಿಗಳು. ಒಂದಕ್ಕೂ ಲೈಸನ್ಸು ಇರಲಿಲ್ಲ. ಯಾರ ಅಟ್ಟದಲ್ಲಿ ಯಾವ ಕೋವಿ ಇದೆಯೆಂಬುದು ಊರಿನ ಎಳೆಮಕ್ಕಳಿಗೂ ಗೊತ್ತು. ನೋಡಿ, ಇಲ್ಲಿ ನನಗೊಂದು ವಿಚಿತ್ರ ಕಾಣುತ್ತದೆ. ಎಲ್ಲರಿಗೂ ಗೊತ್ತಿರುವುದು ಬೇರೆ, ಬರೆದಿಟ್ಟಿರುವುದು ಬೇರೆ. ಬಾಯಲ್ಲಿರುವಾಗ ಅದು ಊರಿನ ಸೊತ್ತು. ಕಾಗದಕ್ಕೆ ಇಳಿದ ಮೇಲೆ ಕಾಗದ ಯಾರ ಕೈಯಲ್ಲಿದೆಯೋ ಅವರ ಸೊತ್ತು. ಅಕ್ಷರ ಕಲಿಸುವುದೇ ಕಸುಬಾದ ನನಗೆ ಇಷ್ಟು ಹೊಳೆಯಲಿಲ್ಲ.

ಆಯುಧಗಳಿಗೆ ಹೊಸ ಕಾನೂನು ಬಂದಿದೆ, ಕೋವಿ ಇದ್ದವರೆಲ್ಲ ಬರೆಸಬೇಕು ಎಂಬ ಸುದ್ದಿ ಹಬ್ಬಿದಾಗ ಪಂಚಾಯತ್ ಚುನಾವಣೆಯೂ ಹತ್ತಿರವಾಗಿತ್ತು. ಪಟೇಲರ ಕಡೆಯವರು, "ಇವತ್ತು ಬರೆಸಿದರೆ ನಾಳೆ ಹೊತ್ತುಕೊಂಡು ಹೋಗ್ತಾರೆ" ಎಂದು ಮನೆಮನೆಗೆ ಹೇಳಿಬಂದರು. ಅವರಿಗೆದುರಾಗಿ ನಿಂತವರು ಬಂಟ್ವಾಳದಲ್ಲಿ ವಕೀಲಿಕೆ ಮಾಡುತ್ತಿದ್ದ, ನಮ್ಮ ಊರಿನಲ್ಲಿ ಭೂಮಿಯಿದ್ದ ಒಬ್ಬರು. ಒಂದು ಸಂಜೆ ಅವರು ನನ್ನ ಜಗಲಿಗೆ ಬಂದರು. ಶಾಲೆಯ ಗೋಡೆಯ ಸುಣ್ಣವನ್ನು, ನನ್ನ ಅಕ್ಷರವನ್ನು ಹೊಗಳಿದ ಮೇಲೆ ವಿಷಯಕ್ಕೆ ಬಂದರು.

"ಹೆಸರು ನನಗೆ ಯಾಕೆ ಮಾಸ್ಟ್ರೆ? ಲೆಕ್ಕ ಸಾಕು. ಇಷ್ಟು ಕೋವಿ ಉಂಟು ಅಂತ ಊರೇ ಎದ್ದು ಹೇಳಿದರೆ ಲೈಸನ್ಸ್ ಕೊಡದೆ ಎಲ್ಲಿಗೆ ಹೋಗ್ತಾರೆ? ಮುಚ್ಚಿಟ್ಟರಲ್ಲವೋ ಹೆದರಿಕೆ? ಪುಸ್ತಕ ನನ್ನ ಕೈಯಲ್ಲಿರಲಿ, ಯಾರಾದರೂ ಸುಳ್ಳು ಅಂದರೆ ತೋರಿಸಲಿಕ್ಕೆ. ಎರಡು ಕಡೆಯವರೂ ನಂಬುವ ಮನುಷ್ಯ ಅಂತ ಈ ಊರಿನಲ್ಲಿದ್ದರೆ ಅದು ನೀವೊಬ್ಬರೇ."

ಸತ್ಯಕ್ಕೆ ಮುಸುಕು ಬೇಡವೆಂದು ಮಕ್ಕಳಿಗೆ ದಿನವೂ ಹೇಳುತ್ತಿದ್ದವನು ನಾನು. ಮುಚ್ಚುಮರೆಯಿಲ್ಲದ ಊರು, ಬಿಚ್ಚುಮನಸ್ಸಿನ ಜನ ಎಂದು ಕನಸು ಕಟ್ಟಿ ಪುಸ್ತಕ ಕೊಟ್ಟೆ. ಕೊಟ್ಟದ್ದು ಸತ್ಯಕ್ಕಾಗಿಯೋ, ಆ ಕೊನೆಯ ಮಾತಿಗಾಗಿಯೋ ಎಂದು ಈಗ ನೀವು ಕೇಳಿದರೆ ನಾನು ತಲೆ ತಗ್ಗಿಸುತ್ತೇನೆ.

ಶಾಲೆಯ ಅಂಗಳದಲ್ಲಿ ಸಭೆ ಸೇರಿತು. ತಾಲೂಕಿನಿಂದ ಅಧಿಕಾರಿಯೊಬ್ಬರು ಬಂದು ಕುರ್ಚಿಯಲ್ಲಿ ಕುಳಿತಿದ್ದರು. ಪಟೇಲರ ಕಡೆಯವನೊಬ್ಬ ಎದ್ದು, ಈ ಊರಿನಲ್ಲಿ ಬರೆಸುವಂಥ ಕೋವಿಯೇ ಇಲ್ಲ ಎಂದ. ವಕೀಲರು ನಸುನಕ್ಕು ನನ್ನ ಪುಸ್ತಕ ತೆರೆದರು. ಒಂದೊಂದೇ ಹೆಸರನ್ನು ನಿಧಾನವಾಗಿ ಓದಿದರು. ಏಳು ಹೆಸರು. ಏಳೂ ಪಟೇಲರ ಕಡೆಯವು. ಅದರಲ್ಲಿ ದೂಮಣ್ಣನದು ಮೂರನೆಯದು. ಉಳಿದ ಆರು ಮಂದಿ ವಕೀಲರ ಹಿಂದೆಯೇ ಕುಳಿತಿದ್ದರು. ಅಧಿಕಾರಿ ಏಳನ್ನೂ ಬರೆದುಕೊಂಡದ್ದೇ ಪುಸ್ತಕ ಮುಚ್ಚಿ ವಕೀಲರ ಜೇಬು ಸೇರಿತು. ವಕೀಲರು ಒಂದು ಸುಳ್ಳನ್ನೂ ಹೇಳಲಿಲ್ಲ, ಸತ್ಯವನ್ನು ಆರಿಸಿಕೊಂಡರು, ಅಷ್ಟೆ. ರಾಜಕಾರಣದಲ್ಲಿ ಇದಕ್ಕೆ ತಂತ್ರ ಎನ್ನುತ್ತಾರೆಂದು ಆಮೇಲೆ ಕೇಳಿದೆ.

ದೂಮಣ್ಣ ಎದ್ದು ನಿಂತ. ವಕೀಲರನ್ನು ನೋಡಲಿಲ್ಲ, ನನ್ನನ್ನು ನೋಡಿದ.

"ಮಾಸ್ಟ್ರೆ, ನಿಮ್ಮ ಪುಸ್ತಕದಲ್ಲಿ ಇಷ್ಟೇ ಹೆಸರು ಉಂಟಾ?"

ಅಂಗಳವೆಲ್ಲ ನನ್ನ ಕಡೆ ತಿರುಗಿತು. ಇಲ್ಲವೆಂದರೆ ಇನ್ನೂ ಆರು ಮನೆಗಳ ಕೋವಿ ಹೋಗುತ್ತದೆ. ಹೌದೆಂದರೆ ಹುಟ್ಟಿದಂದಿನಿಂದ ಕಾಪಾಡಿದ, ಸುಳ್ಳಾಡದ ನೇಮ ಹೋಗುತ್ತದೆ. ಆರು ಜನರನ್ನಾದರೂ ಉಳಿಸಿದೆನೆಂಬ ಪುಣ್ಯವನ್ನು ಮನಸ್ಸು ಆಗಲೇ ಎಣಿಸಿಕೊಂಡಿತ್ತು.

"ಇಷ್ಟೇ," ಎಂದೆ.

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತಾಯಿತು ನನ್ನ ಕತೆ. ಸುಳ್ಳು ಹೇಳಿದವರನ್ನು ನೀವು ಬೇಕಾದಷ್ಟು ಕಂಡಿರಬಹುದು. ಕೇಳುವವರಲ್ಲಿ ಒಬ್ಬೊಬ್ಬನಿಗೂ ಸತ್ಯ ಗೊತ್ತಿದ್ದು, ಅವರೆಲ್ಲರ ಮುಂದೆ ಸುಳ್ಳು ಹೇಳಿದವನನ್ನು ಕಂಡಿದ್ದೀರಾ? ದೂಮಣ್ಣ ಕುಳಿತುಕೊಂಡ.

ವಾರ ಕಳೆಯುವುದರೊಳಗೆ ಏಳು ಕೋವಿಗಳು ಬೆಳ್ತಂಗಡಿ ಸೇರಿದವು. ಕೇಸು ತಪ್ಪಿಸಲು, ಲೈಸನ್ಸಿಗೆ ಅರ್ಜಿ ಬರೆಸಲು, ಏಳರಲ್ಲಿ ಆರು ಮಂದಿ ವಕೀಲರ ಜಗಲಿಗೇ ಹೋಗಬೇಕಾಯಿತು. ಚುನಾವಣೆಯಲ್ಲಿ ಅವರ ಬಾಯಿ ಕಟ್ಟಿತು, ವಕೀಲರು ಗೆದ್ದರು. ದೂಮಣ್ಣ ಮಾತ್ರ ಹೋಗಲಿಲ್ಲ. ಆ ವರ್ಷ ಅವನ ಗದ್ದೆಗೆ ಹಂದಿಗಳು ಹಿಂಡಾಗಿ ನುಗ್ಗಿದವು. ತಗಡಿನ ಡಬ್ಬ ಬಡಿದು ಅವನೂ ಹೆಂಡತಿಯೂ ಕಾದರು, ಆದರೂ ತೆನೆ ಅರ್ಧಕ್ಕರ್ಧ ಮಣ್ಣುಪಾಲಾಯಿತು. ನನ್ನ ಜಗಲಿಗೆ ಅವನು ಮತ್ತೆ ಬರಲಿಲ್ಲ. ನಾನು ಉಳಿಸಿದ ಆರು ಮಂದಿಯೂ ದಾರಿಯಲ್ಲಿ ಕಂಡರೆ ತಲೆ ಬಗ್ಗಿಸಿ ಬೇರೆ ಕಡೆ ದಾಟುತ್ತಿದ್ದರು. ನನ್ನ ಸುಳ್ಳಿನ ನೆರಳಿನಲ್ಲಿ ನಿಂತದ್ದಕ್ಕೆ ಅವರಿಗೂ ನಾಚಿಕೆ. ಮುಂದಿನ ಕೆಡ್ಡಸದಲ್ಲಿ ಪಾಲು ಕೂಗುವ ದನಿ ನನ್ನ ಕೋಣೆಯವರೆಗೂ ಕೇಳಿಸಿತು. ಬರೆಯಲು ಯಾರೂ ಕರೆಯಲಿಲ್ಲ. ಆ ದಿನ ನಾನು ಬಾಗಿಲು ಹಾಕಿಕೊಂಡು ಅತ್ತೆ. ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ವರ್ಗಕ್ಕೆ ನಾನೇ ಅರ್ಜಿ ಹಾಕಿದೆ. ಬಂಟ್ವಾಳದ ಕಡೆ ಒಂದು ಶಾಲೆ ಸಿಕ್ಕಿತು. ಹೊರಡುವ ಬೆಳಿಗ್ಗೆ ಟ್ರಂಕನ್ನು ಹೇಗೆ ಸಾಗಿಸಲಿ ಎಂದು ನಿಂತಿದ್ದಾಗ ಕರೆಯದೆಯೇ ದೂಮಣ್ಣ ಬಂದ, ಅದನ್ನೆತ್ತಿ ತಲೆಗಿಟ್ಟುಕೊಂಡ. ಬಸ್ಸಿನ ರಸ್ತೆಯವರೆಗೂ ಅವನು ಮುಂದೆ, ನಾನು ಹಿಂದೆ ನಡೆದೆವು. ಟ್ರಂಕ್ ಇಳಿಸಿ, ಹೆಗಲ ಮೇಲಿನ ಬೈರಾಸಿನಿಂದ ಕುತ್ತಿಗೆ ಒರೆಸಿಕೊಂಡು ಅವನು ಕೇಳಿದ:

"ಎಷ್ಟು ಹೆಸರಿತ್ತು ಮಾಸ್ಟ್ರೆ?"

"ಹದಿಮೂರು."

"ಅಷ್ಟು ಅವತ್ತು ಹೇಳಿದ್ದರೆ ಸಾಕಿತ್ತು. ಹದಿಮೂರು ಜನವೂ ಒಟ್ಟಿಗೆ ಕೋವಿ ಹೆಗಲಿಗೆ ಹಾಕಿ ಬೆಳ್ತಂಗಡಿಗೆ ನಡೀತಿದ್ದೆವು. ಹೋದರೆ ಎಲ್ಲರದ್ದೂ ಹೋಗ್ತಿತ್ತು. ಕೋವಿ ಹೋದದ್ದಕ್ಕೆ ನನಗೆ ಬೇಜಾರಿಲ್ಲ. ಈಗ ಊರಿನಲ್ಲಿ ಕೋವಿ ಹೋದವರು ಯಾರೂ ಕೋವಿ ಉಳಿದವರೊಟ್ಟಿಗೆ ಕಾಡಿಗೆ ಹೋಗುವುದಿಲ್ಲ."

ಅವನು ಬೈರಾಸನ್ನು ತಲೆಗೆ ಸುತ್ತಿಕೊಂಡು, ಬಸ್ಸು ಬರುವವರೆಗೆ ಕಾಯದೆ, ಗದ್ದೆಯ ಹುಣಿಯ ಮೇಲೆ ಒಬ್ಬನೇ ನಡೆದುಹೋದ.