ಡ್ಯೂಕನ ಕುಂಟು, ನಮ್ಮವರ ಮೊಣಕಾಲು

ನಮ್ಮವರ ಮೊಣಕಾಲು ತೊಂಬತ್ತು ಡಿಗ್ರಿ ಬಗ್ಗಬೇಕಿತ್ತು. ನಲವತ್ತಕ್ಕೆ ನಿಂತಿತ್ತು. ದಾವಣಗೆರೆಯಲ್ಲಿ ಪ್ಲೇಟು ಹಾಕಿದ ಡಾಕ್ಟರು ಬಿಡಿಸಿ ಹೇಳಿಯೇ ಕಳಿಸಿದ್ದರು: ಮೂಳೆ ಕೂಡುತ್ತಿದೆ, ಇನ್ನು ದಿನಕ್ಕೆ ಮೂರು ಹೊತ್ತು ಬಗ್ಗಿಸಬೇಕು. ಮುಂದಿನ ಸಲ ಬರುವಷ್ಟರಲ್ಲಿ ಬಗ್ಗದಿದ್ದರೆ ಅರಿವಳಿಕೆ ಕೊಟ್ಟು ನಾವೇ ಬಗ್ಗಿಸಬೇಕಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಕಾಲು ಕೋಲಿನ ಹಾಗೆ ಉಳಿದುಬಿಡುತ್ತದೆ. ಮುಂದಿನ ಸಲಕ್ಕೆ ಹದಿನೆಂಟು ದಿನ ಇತ್ತು. ನಮ್ಮವರು ಪಡಸಾಲೆಯ ಮಂಚದ ಮೇಲೆ ಮೂರು ದಿಂಬಿನ ಮೇಲೆ ಕಾಲು ನೀಡಿಕೊಂಡು ಟಿವಿ ನೋಡುತ್ತಿದ್ದರು.

ನಾನು ಹೂವಿನಹಡಗಲಿಯಿಂದ ಹಗರಿಬೊಮ್ಮನಹಳ್ಳಿಗೆ ಬಸ್ಸಿನಲ್ಲಿ ಓಡಾಡುವ ಅತಿಥಿ ಉಪನ್ಯಾಸಕಿ. ಇಂಗ್ಲಿಷ್ ಪಾಠ ಮಾಡುತ್ತೇನೆ. ಆ ಬಸ್ಸಿನಲ್ಲಿ ನಾನು ಓದುವುದು ಮಾತ್ರ ಪಠ್ಯಕ್ಕೆ ಸಂಬಂಧಪಟ್ಟದ್ದಲ್ಲ. ಫೋನಿನಲ್ಲಿ ರೀಜೆನ್ಸಿ ಪ್ರೇಮಕಾದಂಬರಿಗಳನ್ನು ಓದುತ್ತೇನೆ. ಇನ್ನೂರು ವರ್ಷದ ಹಿಂದಿನ ಇಂಗ್ಲೆಂಡು. ರಾಜನಿಗೆ ಬುದ್ಧಿ ಕೆಟ್ಟು ಮಗ ರಾಜ್ಯ ನೋಡಿಕೊಳ್ಳುತ್ತಿದ್ದ ಕಾಲ. ಕುದುರೆಗಾಡಿ, ನೃತ್ಯಕೂಟ, ಕೈಗವಸು. ಹತ್ತು ಪುಸ್ತಕ ತೆಗೆದರೆ ಆರರಲ್ಲಿ ನಾಯಕನಿಗೆ ಗಾಯವಾಗಿರುತ್ತದೆ. ಫ್ರಾನ್ಸಿನ ಮೇಲಿನ ಯುದ್ಧದಿಂದ ಬಂದ ಡ್ಯೂಕು, ಅಂದರೆ ರಾಜನ ನಂತರದ ಅಂತಸ್ತಿನ ಜಹಗೀರುದಾರ. ಹುಬ್ಬಿನಿಂದ ಕೆನ್ನೆಯವರೆಗೆ ಒಂದು ಗೀರು, ಅದೂ ಮುಖದ ಚೆಲುವು ಕೆಡದ ಹಾಗೆ. ಇಲ್ಲವೆಂದರೆ ಕಾಲಿನಲ್ಲಿ ಗುಂಡಿನ ಗಾಯ, ಬೆಳ್ಳಿ ಹಿಡಿಯ ಕೋಲು, ಚಳಿಗಾಲದಲ್ಲಿ ಸ್ವಲ್ಪ ಹೆಚ್ಚಾಗುವ ಕುಂಟು. ಅವನು ಯಾರ ಹತ್ತಿರವೂ ಮಾತಾಡುವುದಿಲ್ಲ. ನೋವನ್ನು ಹಲ್ಲು ಕಚ್ಚಿ ನುಂಗುತ್ತಾನೆ. ಒಬ್ಬ ಹುಡುಗಿ ಬರುತ್ತಾಳೆ, ಮುನ್ನೂರು ಪುಟ ತಾಳ್ಮೆಯಿಂದಿರುತ್ತಾಳೆ, ಕೊನೆಗೆ ಅವನು ಅವಳೊಬ್ಬಳ ಮುಂದೆ ಬಾಯಿ ಬಿಡುತ್ತಾನೆ.

ಇದು ಯಾಕೆ ಹಿಡಿಸುತ್ತದೆ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ. ಗಟ್ಟಿಮುಟ್ಟಾದ ಗಂಡಸಿಗೆ ಊರೆಲ್ಲ ಕೆಲಸವಿರುತ್ತದೆ. ನಮ್ಮವರದು ಡ್ರಿಪ್ ಪೈಪಿನ ಅಂಗಡಿ. ಬೆಳಗ್ಗೆ ಮಲ್ಲಿಗೆ ತೋಟದವರು ಕರೆದರೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ. ಮನೆಯಲ್ಲಿ ಸಿಗುವುದು ಊಟಕ್ಕೆ ಮಾತ್ರ. ಗಾಯಗೊಂಡವನಾದರೆ ಎಲ್ಲಿಗೂ ಹೋಗಲಾರ, ಕೂತಲ್ಲೇ ಇರುತ್ತಾನೆ, ಎದುರಿಗಿರುವವಳ ಮುಖವನ್ನು ಒಮ್ಮೆಯಾದರೂ ಪೂರ್ತಿ ನೋಡಲೇಬೇಕಾಗುತ್ತದೆ. ಹಾಗೆ ನೋಡಿಸಿಕೊಳ್ಳುವ ಆಸೆಗೆ ನಾವು ದುಡ್ಡು ಕೊಟ್ಟು ಆ ಪುಸ್ತಕ ಓದುತ್ತೇವೆ. ಆದರೆ ಡ್ಯೂಕನಿಗೆ ಯಾರು ಬೆಡ್‌ಪ್ಯಾನ್ ಹಿಡಿದರು ಎಂದು ಒಂದು ಪುಸ್ತಕದಲ್ಲೂ ಬರೆದಿಲ್ಲ. ಅವನ ಮೊಣಕಾಲು ಎಷ್ಟು ಡಿಗ್ರಿ ಬಗ್ಗುತ್ತಿತ್ತು ಎಂದೂ ಬರೆದಿಲ್ಲ.

ಆದದ್ದನ್ನು ಹೇಳುತ್ತೇನೆ. ಹುರುಳಿ ಕಿತ್ತ ದಿನಗಳು. ಕೊಟ್ಟೂರಿನಲ್ಲಿ ಒಂದು ಗೃಹಪ್ರವೇಶ ಮುಗಿಸಿ ಬೈಕಿನಲ್ಲಿ ವಾಪಸಾಗುತ್ತಿದ್ದೆವು. ನಮ್ಮ ಕಡೆ ಕಣ ಮಾಡುವವರು ಕಡಿಮೆ. ಡಾಂಬರು ರಸ್ತೆಯೇ ಕಣ. ಬಳ್ಳಿಯನ್ನು ರಸ್ತೆಗೆ ಹರವಿ, ಅಂಚಿಗೆ ಕಲ್ಲು ಜೋಡಿಸುತ್ತಾರೆ. ಹೋಗಿ ಬರುವ ಗಾಡಿಗಳು ಒಕ್ಕಿ ಕೊಡುತ್ತವೆ. ಹಂಪಸಾಗರದ ಕ್ರಾಸಿನ ಹತ್ತಿರ ಹಾಗೆ ಹರವಿದ್ದರ ಮೇಲೆ ನಾವು ದಾಟಿದೆವು. ಕಾಳು ಬಾಚುತ್ತಿದ್ದ ಮುದುಕಿ ನಮ್ಮವರನ್ನು ಗುರುತು ಹಿಡಿದು ಕೂಗಿದಳು. ಅವಳ ಹೊಲಕ್ಕೆ ಪೈಪು ಹಾಕಿಸಿದವರು ಇವರೇ.

"ಯಪ್ಪಾ, ಇನ್ನೊಂದು ಸುತ್ತು ಹೊಡದು ಹೋಗೋ. ಬೆಳಿಗ್ಗಿಂದ ಗಾಡಿನ ಬಂದಿಲ್ಲ."

ನಮ್ಮವರಿಗೆ ಇಲ್ಲ ಎನ್ನಲು ಬರುವುದಿಲ್ಲ. "ನೀ ಇಳಿ, ಇಬ್ರಿದ್ರ ಜಾರತೈತಿ," ಎಂದು ನನ್ನನ್ನು ಇಳಿಸಿದರು. ನಾನು ಹೋಳಿಗೆಯ ಡಬ್ಬಿ ಹಿಡಿದು ಕಲ್ಲಿನ ಸಾಲಿನ ಆಚೆ ನಿಂತೆ. ಒಂದು ಸುತ್ತಾಯಿತು. ಮುದುಕಿ ನಕ್ಕಳು. ಎರಡನೆಯ ಸುತ್ತಿಗೆ ತಿರುಗಿಸುವಾಗ ಬೈಕು ಜಾರಿತು. ಕಾಲು ಅಂಚಿನ ಕಲ್ಲಿಗೆ ಹೊಡೆಯಿತು. ಅದೇ ಹೊತ್ತಿಗೆ ತಿರುವಿನಿಂದ ಇಟ್ಟಿಗೆ ತುಂಬಿದ ಲಾರಿ ಬಂತು.

ಡಾಂಬರಿನ ಮೇಲೆ ಬ್ರೇಕು ಹಾಕಿದರೆ ಕಿರುಚುತ್ತದೆ. ಹುರುಳಿ ಬಳ್ಳಿಯ ಮೇಲೆ ಹಾಕಿದರೆ ಅಂಥ ಸದ್ದೇ ಇಲ್ಲ. ಗಾಲಿ ತಿರುಗುವುದು ನಿಂತಿತ್ತು, ಆದರೂ ಲಾರಿ ಬರುತ್ತಿತ್ತು. ಒಣ ಕಾಯಿ ಒಡೆಯುವ ಚಟಪಟ ಸದ್ದೊಂದೇ. ನಾನು ಕೂಗಲಿಲ್ಲ. ಯಾಕೆ ಕೂಗಲಿಲ್ಲ ಎಂದು ಇವತ್ತಿಗೂ ಗೊತ್ತಿಲ್ಲ. ಈಗಲೂ ನಮ್ಮ ಬಸ್ಸು ರಸ್ತೆಗೆ ಹರವಿದ ಯಾವುದಾದರೂ ಬೆಳೆಯ ಮೇಲೆ ಹತ್ತಿ ಗಾಲಿಯ ಸದ್ದು ಮೆತ್ತಗಾದರೆ ನನ್ನ ಕೈ ತಾನಾಗಿ ಮುಂದಿನ ಸೀಟಿನ ಕಂಬಿ ಹಿಡಿಯುತ್ತದೆ, ಓದುತ್ತಿದ್ದ ಸಾಲು ಕಣ್ಣಿಗೆ ಕಾಣುವುದಿಲ್ಲ.

ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಮಾತಾಡಿಸಲು ಬರುವವರ ಸಾಲು ಶುರುವಾಯಿತು. ಬ್ರೆಡ್ಡು, ಎಳನೀರು, ಮೂಸಂಬಿ. ಬಂದವರಿಗೆಲ್ಲ ನಮ್ಮವರು ಅಪಘಾತದ ಕತೆ ಹೇಳುತ್ತಿದ್ದರು. ಆ ಕತೆಯಲ್ಲಿ ಒಂದು ಕರು ಇತ್ತು.

"ಕರು ಅಡ್ಡ ಬಂತ್ರಿ. ಅದನ್ನ ಉಳಸಾಕ ಹೋಗಿ ನಾ ಬಿದ್ದೆ."

ಮೊದಲ ದಿನ ಅದು ಬರೀ ಕರು. ಎರಡನೆಯ ವಾರಕ್ಕೆ ಬಿಳಿ ಕರುವಾಯಿತು. ಮೂರನೆಯ ವಾರ ಅದರ ಕೊರಳಲ್ಲಿ ಗಂಟೆ ಕೇಳಿಸುತ್ತಿತ್ತು. ಅತ್ತೆಗೆ ಆ ಕರುವಿನ ಮೇಲೆ ಎಷ್ಟು ಪ್ರೀತಿ ಬಂತೆಂದರೆ, "ಜೀವ ಉಳಿಸಿದ ಪುಣ್ಯಾನ ಅವನ್ನ ಕಾದೈತಿ," ಎಂದು ಬಂದವರಿಗೆ ತಾನೇ ಹೇಳುತ್ತಿದ್ದಳು. ನಾನು ಒಳಗೆ ಚಹಾ ಸೋಸುತ್ತ ಸುಮ್ಮನಿದ್ದೆ. ಇಷ್ಟು ಮಂದಿಯ ಮುಂದೆ ಇಷ್ಟು ಮಾತಾಡುವ ಮನುಷ್ಯ, ಬಂದವರು ಎದ್ದು ಹೋದ ಮೇಲೆ ನಾನು ಮಂಚದ ಹತ್ತಿರ ಕೂತರೆ ಟಿವಿಯ ಸದ್ದು ಏರಿಸುತ್ತಿದ್ದರು.

"ಇವತ್ತು ಬಗ್ಗಿಸಿದ್ರೇನು?"

"ಹ್ಞೂಂ."

"ಎಷ್ಟು?"

"ಆತು ಬಿಡು, ಏನು ಪರೀಕ್ಷಾ ಮಾಡ್ತಿ?"

ಹಳೆಯ ಕಂಪಾಸ್ ಬಾಕ್ಸಿನ ಕೋನಮಾಪಕ ಇಟ್ಟು ನೋಡಿದರೆ ಅದೇ ನಲವತ್ತು. ನಾನು ಹಿಮ್ಮಡಿ ಹಿಡಿದು ಸ್ವಲ್ಪ ಒತ್ತಿದರೆ ಇವರು ಕಣ್ಣು ಮುಚ್ಚಿ ಕಾಲು ಬಿಗಿ ಮಾಡುತ್ತಿದ್ದರು. ಅತ್ತೆ ಅಡುಗೆಮನೆಯಿಂದಲೇ, "ನೋವಾದ್ರ ಬಿಡವಾ, ಸಾವಕಾಶ ಬರತೈತಿ," ಎನ್ನುತ್ತಿದ್ದಳು. ದಿನ ಹದಿನೆಂಟು ಇದ್ದದ್ದು ಹನ್ನೊಂದಕ್ಕೆ ಬಂತು.

ಅವತ್ತು ಬೈಕು ರಿಪೇರಿ ಮಾಡಿದ ಮೆಕ್ಯಾನಿಕ್ ಸಾಬರು ಗಾಡಿ ಬಿಟ್ಟು ಹೋಗಲು ಬಂದರು. ನಮ್ಮವರಿಗೆ ಶಾಲೆಯಿಂದ ದೋಸ್ತು. ಕರುವಿನ ಕತೆಯನ್ನು ಪೂರ್ತಿ ಕೇಳಿದರು, ಚಹಾ ಕುಡಿದರು, ಕಪ್ಪು ಕೆಳಗಿಟ್ಟರು.

"ಅಣ್ಣಾ, ಕರು ಏನು ಹುರುಳಿ ಹೊತ್ಕೊಂಡು ಬಂದಿತ್ತೇನು? ಚೈನಿನ್ಯಾಗ ಒಂದು ಬುಟ್ಟಿ ಬಳ್ಳಿ ತಗದೀನಿ."

ನಮ್ಮವರು ಟಿವಿಯ ರಿಮೋಟಿಗೆ ಕೈ ಚಾಚಿದರು.

"ಮತ್ತ ಆ ಗಾಡಿ ಮುಂದಿನ ಫೋರ್ಕು ಸೊಟ್ಟಾಗಿತ್ತು, ಎರಡು ದಿನದಾಗ ನೆಟ್ಟಗ ಮಾಡೀನಿ. ನಿನ್ನ ಕಾಲು ಏನಪಾ, ಇಷ್ಟು ನೆಟ್ಟಗ ಇಟ್ಕೊಂಡಿ, ಬಗ್ಗಸಾಕ ನನ್ನ ಕಡೀನ ಬರಬೇಕೇನು?"

ಅತ್ತೆಗೆ ಸಿಟ್ಟು ಬಂತು. "ಕರು ಉಳಸಾಕ ಹೋಗಿ ಬಿದ್ದಾನಪಾ ಅವ."

"ಕರು ಇರಲಿಲ್ಲ ಅತ್ತಿ," ಎಂದೆ. ನನ್ನ ಸಹನೆ ಅಲ್ಲಿಗೆ ಮುಗಿದಿತ್ತು. "ಮುದುಕಿಗೆ ಹುರುಳಿ ಒಕ್ಕಿ ಕೊಡಾಕ ಹೋಗಿ ಬಿದ್ರು. ಒಂದು ಸುತ್ತು ಸಾಲ್ದ ಎರಡು ಸುತ್ತು."

ಸಾಬರು ಬೀಗದ ಕೈ ಕಿಟಕಿಯ ಮೇಲಿಟ್ಟು, "ಬರ್ತೀನ್ರಿ ಅಕ್ಕಾರ," ಎಂದು ಮೆಲ್ಲಗೆ ಹೊರಟರು. ಅತ್ತೆ ಮುಖ ತಿರುಗಿಸಿ ಒಳಗೆ ಹೋದಳು. ನಾನು ಬೈಗುಳಕ್ಕೆ ಸಿದ್ಧಳಾಗಿ ನಿಂತಿದ್ದೆ. ನಮ್ಮವರು ಬೈಯಲಿಲ್ಲ. ತಟ್ಟೆಯಲ್ಲಿದ್ದ ಮಂಡಕ್ಕಿಯನ್ನು ಒಂದು ಹಿಡಿ ಬಾಯಿಗೆ ಹಾಕಿಕೊಂಡು ಅಗಿಯುತ್ತ ಕೇಳಿದರು:

"ಲಾರಿ ಎಲ್ಲಿಗೆ ನಿಂತಿತ್ತು?"

"ಅಂದ್ರ?"

"ನನಗ ಗೊತ್ತಿಲ್ಲ. ಬಿದ್ದೆ, ಗಾಲಿ ಬರೂದು ಕಾಣ್ತು, ಕಣ್ಣು ಮುಚ್ಚಿದೆ. ಮುಂದ ನನಗೇನೂ ಗೊತ್ತಿಲ್ಲ. ಕಾಲು ಬಗ್ಗಿಸಿದ್ರ ನೋವಿಗೆ ಕಣ್ಣು ಮುಚ್ಚತೈತಿ. ಕಣ್ಣು ಮುಚ್ಚಿದ್ರ ಅದು ಮತ್ತ ಬರತೈತಿ. ನಿಲ್ಲಂಗಿಲ್ಲ ಅದು."

ಕರು ಬಂದದ್ದು ಎಲ್ಲಿಂದ ಎಂದು ಆಗ ಗೊತ್ತಾಯಿತು. ಗೊತ್ತಿಲ್ಲದ ಜಾಗಕ್ಕೆ ಏನಾದರೂ ಇಡಬೇಕಿತ್ತು, ಇಟ್ಟಿದ್ದರು. ಆದರೆ ಮೊದಲು ನನಗೆ ಬಂದದ್ದು ಕನಿಕರವಲ್ಲ, ಸಿಟ್ಟು. ಒಂದೇ ಮನೆಯಲ್ಲಿ, ಹತ್ತು ಅಡಿ ದೂರದಲ್ಲಿ, ಇಬ್ಬರೂ ಇಷ್ಟು ದಿನ ಅದೇ ಲಾರಿಯನ್ನು ನೋಡುತ್ತಿದ್ದೆವು. ಒಂದು ಮಾತು ಕೇಳಲು ಇಷ್ಟು ದಿನ ಬೇಕಾಯಿತೇ?

ಹಿಮ್ಮಡಿಯ ಕೆಳಗೆ ಕೈ ಕೊಟ್ಟು ಕೂತೆ.

"ಬಗ್ಗಸ್ರಿ, ಹೇಳ್ತೀನಿ. ಕಣ್ಣು ಮುಚ್ಚಿದ್ರೂ ಅಡ್ಡಿಯಿಲ್ಲ. ಲಾರಿ ಜಾರಿಕೋತ ಬಂತು. ಬೈಕಿನ ಕನ್ನಡಿ ಒಡೀತು. ನಿಂತ್ಕೊಂತು."

"ಎಷ್ಟು ದೂರ?"

"ನಿಮ್ಮ ತಲಿಗೂ ಗಾಲಿಗೂ ನಡುವ ನಾ ಕೈ ಇಟ್ಟು ನೋಡೀನಿ. ನನ್ನ ಗೇಣು ಹಿಡೀಲಿಲ್ಲ."

ಕಾಲು ನಡುಗಿತು. ಬಿಗಿಯಾಗಲಿಲ್ಲ. "ಆಮ್ಯಾಲೆ?"

"ಡ್ರೈವರ್ ಇಳದು ಬಂದ. ಗಾಲಿ ಹತ್ರ ಕುಂತು ವಾಂತಿ ಮಾಡ್ಕೊಂಡ. ಮುದುಕಿ ಅವನಿಗೆ ನೀರು ಕೊಟ್ಟು ಬಯ್ಯಾಕ ಹತ್ತಿದ್ಲು, ಹುರುಳಿ ಎಲ್ಲಾ ಚೆಲ್ಲಿದಿ ಅಂತ."

ನಮ್ಮವರು ನೋವಿನಲ್ಲೇ ನಕ್ಕರು. ಮೊಣಕಾಲು ಐವತ್ತೈದಕ್ಕೆ ಬಂದಿತ್ತು.

ಇದರಿಂದ ನನಗೆ ಬಿಡುಗಡೆಯಾಯಿತು ಎಂದುಕೊಳ್ಳಬೇಡಿ. ಮರುದಿನ ಬೆಳಗ್ಗೆ ಮತ್ತೆ ಹೇಳಬೇಕಾಯಿತು. ಕಾಲೇಜಿನಿಂದ ಬಂದು ಚಪ್ಪಲಿ ಬಿಡುವ ಮೊದಲು ಇನ್ನೊಂದು ಸಲ, ಊಟಕ್ಕೆ ಮುಂಚೆ ಮತ್ತೊಂದು ಸಲ. ಮರೆಯಬೇಕೆಂದು ನಾನು ಒದ್ದಾಡುತ್ತಿದ್ದ ಒಂದೇ ಒಂದು ಸಂಗತಿಯನ್ನು ದಿನಕ್ಕೆ ಮೂರು ಹೊತ್ತು, ಔಷಧಿಯ ಹಾಗೆ, ಒಂದು ವಿವರವೂ ಬಿಡದೆ ಹೇಳಬೇಕು. ಬಿಟ್ಟರೆ ಇವರೇ ತಡೆಯುತ್ತಿದ್ದರು: "ನಿನ್ನೆ ಕನ್ನಡಿ ಮೊದಲು ಒಡದಿತ್ತಲ್ಲ?" ನಾಲ್ಕನೆಯ ದಿನ, ನಾನು ಕೂಗಲಿಲ್ಲ ಎಂಬುದನ್ನೂ ಸೇರಿಸಿದೆ. ಅದನ್ನು ಯಾರಿಗೂ ಹೇಳಿರಲಿಲ್ಲ. ಇವರು ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದರು. "ಕೂಗಿದ್ರ ನಾ ಏಳಾಕ ಹೋಗ್ತಿದ್ದೆ," ಎಂದರು. "ಎದ್ದಿದ್ರ ತಲಿ ಗಾಲಿಗೆ ಹೋಗ್ತಿತ್ತು. ಹ್ಞೂಂ, ಒತ್ತು."

ಹದಿನೆಂಟನೆಯ ದಿನ ದಾವಣಗೆರೆಯಲ್ಲಿ ಡಾಕ್ಟರು ಅಳತೆ ಹಿಡಿದು ಎಂಬತ್ತೆಂಟು ಎಂದರು. ಅರಿವಳಿಕೆ ಬೇಡ, ಉಳಿದದ್ದು ನಡೆದಾಡಿದರೆ ಬರುತ್ತದೆ. ಮನೆಯಲ್ಲಿ ಏನು ಮಾಡಿಸಿದಿರಿ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮವರು, "ಅದು ಹೆಂಗಾತಂದ್ರ ಸರ್, ಮುದುಕಿ ಒಬ್ಬಾಕಿ ರೋಡಿನ್ಯಾಗ ಹುರುಳಿ ಹಾಕಿದ್ಲು," ಎಂದು ಮೊದಲಿನಿಂದ ಶುರು ಮಾಡಿದರು. ಹೊರಗೆ ಇಪ್ಪತ್ತು ಮಂದಿ ಚೀಟಿ ಹಿಡಿದು ಕಾಯುತ್ತಿದ್ದರು. ನಾನು ಗೋಡೆಗೆ ಒರಗಿ ನಿಂತೆ. ಲಾರಿ ಬಂತು, ಕನ್ನಡಿ ಒಡೆಯಿತು, ನಿಂತಿತು. ಈ ಸಲ ಅದನ್ನು ನಿಲ್ಲಿಸುವ ಕೆಲಸ ನನ್ನದಾಗಿರಲಿಲ್ಲ.